ಹಸಿದ ಮಕ್ಕಳ ಊಟಕ್ಕಾಗಿ ಫುಟ್ಬಾಲ್ ಕ್ಲಬ್ ಕಟ್ಟಿದ ಬ್ರದರ್ ವಾಲ್‌ಫ್ರಿಡ್

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಸೆಲ್ಟಿಕ್ ಫುಟ್ಬಾಲ್ ಕ್ಲಬ್ಬಿನ ಹೆಸರು ಫುಟ್ಬಾಲ್ ಪ್ರಿಯರಿಗೆ ಹೊಸದಲ್ಲ. 1967ರಲ್ಲಿ ಯುರೋಪಿಯನ್ ಕಪ್ ಗೆದ್ದ ಪ್ರಥಮ ಬ್ರಿಟಿಷ್ ತಂಡ ಅದು. ಅದರ ಮೈದಾನದಲ್ಲಿ 60 ಸಾವಿರಕ್ಕೂ ಹೆಚ್ಚು ಜನ ಕುಳಿತು ಆಟ ನೋಡಬಹುದು. ಆದರೆ ಈ ಕ್ಲಬ್ ಹುಟ್ಟಿದ್ದು ಒಂದು ಚರ್ಚ್ ಸಭಾಂಗಣದಲ್ಲಿ. ಮೂರು ಧರ್ಮಕೇಂದ್ರಗಳ ಬಡ ಮಕ್ಕಳಿಗೆ ದಿನಕ್ಕೊಂದು ಹೊತ್ತಿನ ಬಿಸಿ ಊಟ ಕೊಡಲು ಹಣ ಸಾಲದೆ, ಆ ಹಣ ಹೊಂದಿಸುವುದಕ್ಕಾಗಿಯೇ ಅದನ್ನು ಕಟ್ಟಿದರು. ಕಟ್ಟಿದವರಲ್ಲಿ ಮುಖ್ಯರು ಫುಟ್ಬಾಲ್ ಆಟಗಾರರಲ್ಲ, ವ್ಯಾಪಾರಿಯೂ ಅಲ್ಲ. ಮಾರಿಸ್ಟ್ ಸಹೋದರರ ಸಭೆಗೆ ಸೇರಿದ, ಶಾಲೆಯೊಂದರ ಮುಖ್ಯೋಪಾಧ್ಯಾಯರಾಗಿದ್ದ ಬ್ರದರ್ ವಾಲ್‌ಫ್ರಿಡ್.

ಅವರ ಹುಟ್ಟುಹೆಸರು ಆಂಡ್ರೂ ಕೆರಿನ್ಸ್. ಐರ್ಲೆಂಡಿನ ಪಶ್ಚಿಮ ಭಾಗದ ಸ್ಲೈಗೋ ಜಿಲ್ಲೆಯಲ್ಲಿ ಬ್ಯಾಲಿಮೋಟ್ ಎಂಬ ಸಣ್ಣ ಊರಿದೆ. 1840ರ ಮೇ 18ರಂದು ಅಲ್ಲಿನ ಬಡ ರೈತ ದಂಪತಿ ಜಾನ್ ಮತ್ತು ಎಲಿಜಬೆತ್ ಅವರ ಮಗನಾಗಿ ಆಂಡ್ರೂ ಜನಿಸಿದರು. ಹುಡುಗನಿಗೆ ಐದು ವರ್ಷ ತುಂಬಿದ ವರ್ಷವೇ, ಅಂದರೆ 1845ರಲ್ಲಿ, ಐರ್ಲೆಂಡಿನ ಆಲೂಗಡ್ಡೆ ಬೆಳೆಗೆ ರೋಗ ತಗಲಿತು. ನಮ್ಮ ಕರಾವಳಿಯ ಅಡಿಕೆ ಬೆಳೆಗಾರರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಅಡಿಕೆಗೆ ಬರುವ ಕೊಳೆರೋಗಕ್ಕೂ ಅಂದು ಐರ್ಲೆಂಡಿನ ಆಲೂಗಡ್ಡೆಯನ್ನು ಕೊಳೆಸಿದ ರೋಗಕ್ಕೂ ಕಾರಣವಾದ ರೋಗಾಣುಗಳು ಫೈಟಾಫ್ತೊರಾ ಎಂಬ ಒಂದೇ ಕುಲಕ್ಕೆ ಸೇರಿದವು. ಅಡಿಕೆ ಹೋದರೆ ವರ್ಷದ ಆದಾಯ ಹೋಗುತ್ತದೆ. ಐರ್ಲೆಂಡಿನ ಬಡವನಿಗೆ ಆಲೂಗಡ್ಡೆ ಹೋದರೆ ಊಟವೇ ಹೋದಂತೆ, ಏಕೆಂದರೆ ಅವನ ಮನೆಯಲ್ಲಿ ಮೂರು ಹೊತ್ತೂ ಅದೇ ಆಹಾರವಾಗಿತ್ತು.

ಮುಂದಿನ ಐದಾರು ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಹಸಿವಿನಿಂದ ಮತ್ತು ಅದರ ಬೆನ್ನಿಗೇ ಬಂದ ಜ್ವರಗಳಿಂದ ಸತ್ತರು. ಇನ್ನೂ ಹತ್ತು ಲಕ್ಷದಷ್ಟು ಜನ ಹಡಗು ಹತ್ತಿ ದೇಶ ಬಿಟ್ಟರು. 1841ರ ಜನಗಣತಿಯಲ್ಲಿ 80 ಲಕ್ಷ ದಾಟಿದ್ದ ಐರ್ಲೆಂಡಿನ ಜನಸಂಖ್ಯೆ 1851ರಲ್ಲಿ ಸುಮಾರು 65 ಲಕ್ಷಕ್ಕೆ ಇಳಿದಿತ್ತು. ಸ್ಲೈಗೋ ತೀವ್ರವಾಗಿ ನರಳಿದ ಜಿಲ್ಲೆಗಳಲ್ಲಿ ಒಂದು. ಆಂಡ್ರೂ ಬೆಳೆದದ್ದು ಈ ನಡುವೆ. ಹಸಿದ ಮಗುವಿನ ವಿಷಯದಲ್ಲಿ ಅವರು ಮುಂದೆ ತೋರಿದ ಹಠಕ್ಕೆ ಬೇರು ಎಲ್ಲಿತ್ತೆಂದು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ.

1855ರಲ್ಲಿ, ಹದಿನೈದರ ಹರೆಯದಲ್ಲಿ, ಆಂಡ್ರೂ ಗೆಳೆಯನೊಬ್ಬನ ಜೊತೆ ಕಲ್ಲಿದ್ದಲು ಸಾಗಿಸುವ ಹಡಗಿನಲ್ಲಿ ಗ್ಲಾಸ್ಗೋ ತಲುಪಿದರು ಎನ್ನುತ್ತಾರೆ. ಕೆಲಸ ಸಿಕ್ಕಿದ್ದು ರೈಲ್ವೆಯಲ್ಲಿ. ಹಗಲು ದುಡಿದು ಸಂಜೆ ಪಾಠ ಕಲಿಯುತ್ತಿದ್ದರು. ಆ ಹೊತ್ತಿಗೆ ಫ್ರಾನ್ಸಿನಿಂದ ಬಂದ ಮಾರಿಸ್ಟ್ ಸಹೋದರರು 1858ರಿಂದ ಗ್ಲಾಸ್ಗೋದಲ್ಲಿ ಶಾಲೆ ನಡೆಸತೊಡಗಿದ್ದರು. ಈ ಸಭೆಯನ್ನು 1817ರಲ್ಲಿ ಸ್ಥಾಪಿಸಿದವರು ಸಂತ ಮಾರ್ಸೆಲಿನ್ ಷಂಪಾಞ. ಹಳ್ಳಿಯ ಬಡ ಮಕ್ಕಳಿಗೆ ಅಕ್ಷರ ಮತ್ತು ಧರ್ಮೋಪದೇಶ ಕಲಿಸುವುದು ಅದರ ಮೂಲ ಕೆಲಸ. ಆಂಡ್ರೂ 1864ರಲ್ಲಿ ಈ ಸಭೆಗೆ ಸೇರಿ ಫ್ರಾನ್ಸಿನಲ್ಲಿ ತರಬೇತಿ ಪಡೆದರು. ಎಂಟನೇ ಶತಮಾನದ ಇಟಲಿಯ ಮಠಾಧಿಪತಿ ಸಂತ ವಾಲ್‌ಫ್ರಿಡ್ ಅವರ ಹೆಸರನ್ನು ಧರಿಸಿ ಅವರು ಬ್ರದರ್ ವಾಲ್‌ಫ್ರಿಡ್ ಆದರು. ನಂತರ ಗ್ಲಾಸ್ಗೋಗೆ ಮರಳಿ ಪೂರ್ವ ಭಾಗದ ಕಾಲ್ಟನ್ ಕೇರಿಯ ಸಂತ ಮೇರಿ ಶಾಲೆಯಲ್ಲಿ ಪಾಠ ಮಾಡಿದರು. 1874ರಲ್ಲಿ ಪಕ್ಕದ ಬ್ರಿಡ್ಜ್‌ಟನ್‌ನಲ್ಲಿ ಯೇಸುವಿನ ಪವಿತ್ರ ಹೃದಯ ಶಾಲೆಯ ಮುಖ್ಯೋಪಾಧ್ಯಾಯರಾದರು.

ಅಂದಿನ ಗ್ಲಾಸ್ಗೋ ಬ್ರಿಟಿಷ್ ಸಾಮ್ರಾಜ್ಯದ ಅತಿ ಶ್ರೀಮಂತ ಕೈಗಾರಿಕಾ ನಗರಗಳಲ್ಲಿ ಒಂದು. ಹಡಗು, ರೈಲು ಎಂಜಿನ್, ಬಟ್ಟೆ, ಕಬ್ಬಿಣ ಎಲ್ಲವೂ ಅಲ್ಲಿಂದ ಹೊರಡುತ್ತಿದ್ದವು. ದುಡಿಯುವವರ ಮನೆಗಳ ಸ್ಥಿತಿ ಮಾತ್ರ ಬೇರೆಯೇ ಇತ್ತು. ನಗರದ ಆರೋಗ್ಯಾಧಿಕಾರಿ ಡಾ. ಜೇಮ್ಸ್ ಬರ್ನ್ ರಸೆಲ್ 1888ರಲ್ಲಿ ನೀಡಿದ ಉಪನ್ಯಾಸವೊಂದರ ಪ್ರಕಾರ ನಗರದ ಕಾಲು ಭಾಗದಷ್ಟು ಜನ ಒಂದೇ ಕೋಣೆಯ ಮನೆಗಳಲ್ಲಿ ಬದುಕುತ್ತಿದ್ದರು. ಅಡುಗೆ, ಊಟ, ನಿದ್ದೆ, ಹೆರಿಗೆ, ಕೊನೆಗೆ ಸತ್ತವರನ್ನು ಮಲಗಿಸುವುದು, ಎಲ್ಲ ಆ ಒಂದು ಕೋಣೆಯಲ್ಲಿಯೇ. ಇಂತಹ ಕೇರಿಗಳಲ್ಲಿ ಐರ್ಲೆಂಡಿನಿಂದ ಬಂದ ಕಥೊಲಿಕರು ದೊಡ್ಡ ಸಂಖ್ಯೆಯಲ್ಲಿದ್ದರು. ಕಡಿಮೆ ಕೂಲಿಗೆ ಒಪ್ಪಿ ಕೆಲಸ ಕಸಿದುಕೊಳ್ಳುತ್ತಾರೆಂಬ ಸಿಟ್ಟು ಸ್ಥಳೀಯ ಕೆಲಸಗಾರರಿಗೆ ಇವರ ಮೇಲಿತ್ತು. ಧರ್ಮದ ಕಾರಣಕ್ಕೂ ಇವರನ್ನು ಹೊರಗಿನವರೆಂದೇ ಕಾಣುತ್ತಿದ್ದರು.

1872ರ ಕಾನೂನು ಸ್ಕಾಟ್ಲೆಂಡಿನ 5ರಿಂದ 13 ವರ್ಷದ ಎಲ್ಲ ಮಕ್ಕಳಿಗೆ ಶಿಕ್ಷಣ ಕಡ್ಡಾಯ ಮಾಡಿತು. ಕಥೊಲಿಕ್ ಶಾಲೆಗಳು 1918ರ ತನಕ ಸಾರ್ವಜನಿಕ ಶಾಲಾ ವ್ಯವಸ್ಥೆಯಿಂದ ಹೊರಗೇ ಉಳಿದವು. ಸರಕಾರದ ಅನುದಾನ ಸ್ವಲ್ಪ ಸಿಕ್ಕಿದರೂ ಉಳಿದದ್ದನ್ನು ಧರ್ಮಕೇಂದ್ರದ ಜನರೇ ಭರಿಸಬೇಕಿತ್ತು. ಆ ಅನುದಾನವೂ ಮಕ್ಕಳ ಹಾಜರಾತಿಯನ್ನು ನೋಡಿಕೊಂಡು ಬರುತ್ತಿತ್ತು. ಹಸಿದ ಮಗು ಶಾಲೆಗೆ ಬರುವುದಿಲ್ಲ, ಬಂದರೂ ಪಾಠ ತಲೆಗೆ ಹತ್ತುವುದಿಲ್ಲ. ಇದು ಯಾವ ಅಧ್ಯಾಪಕರಿಗೂ ಗೊತ್ತಿರುವ ವಿಷಯ. ನಮ್ಮ ರಾಜ್ಯದಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಆರಂಭವಾದ ಮೇಲೆ ಶಾಲೆಗಳಲ್ಲಿ ಆದ ವ್ಯತ್ಯಾಸವನ್ನು ಕಂಡವರಿಗಂತೂ ಚೆನ್ನಾಗಿ ಗೊತ್ತು.

1884ರಲ್ಲಿ ಬ್ರದರ್ ವಾಲ್‌ಫ್ರಿಡ್ ತಮ್ಮ ಶಾಲೆಯಲ್ಲಿ ಬಡ ಮಕ್ಕಳ ಊಟದ ಮೇಜನ್ನು ಆರಂಭಿಸಿದರು. ಒಂದು ಪೆನ್ನಿಗೆ ಒಂದು ಬಿಸಿ ಊಟ. ಸಂತ ಮೇರಿ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದ, ಅದೇ ಸಭೆಯ ಬ್ರದರ್ ಡೊರೊಥಿಯಸ್ ಅವರಿಗೆ ಜೊತೆಯಾದರು. ಪೆನ್ನಿಯನ್ನು ಏಕೆ ಪಡೆಯುತ್ತಿದ್ದರು, ಪೂರ್ತಿ ಉಚಿತ ಏಕಿರಲಿಲ್ಲ ಎಂದು ಇಂದು ಕೇಳಬಹುದು. ಖರ್ಚಿನ ಪ್ರಶ್ನೆ ಇತ್ತು ನಿಜ. ಆದರೆ ಬಡವರ ಮಾನದ ಪ್ರಶ್ನೆಯೂ ಇತ್ತೆಂದು ನನಗೆ ತೋರುತ್ತದೆ. ಪೆನ್ನಿ ಕೊಟ್ಟು ಉಂಡ ಮಗು ಭಿಕ್ಷೆ ಬೇಡಿದಂತಾಗುವುದಿಲ್ಲ.

ಈ ಕೆಲಸಕ್ಕೆ ಬೆನ್ನೆಲುಬಾಗಿದ್ದು ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಘಟಕಗಳು. ನಮ್ಮ ಧರ್ಮಕೇಂದ್ರಗಳಲ್ಲಿಯೂ ಈ ಸಭೆ ಇದೆ, ಅದರ ಸದಸ್ಯರು ಬಡವರ ಮನೆ ಬಾಗಿಲಿಗೆ ಹೋಗಿ ಸದ್ದಿಲ್ಲದೆ ನೆರವಾಗುವುದನ್ನು ಓದುಗರು ಬಲ್ಲರು. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡರಿಕ್ ಓಝಾನಾಂ ಮತ್ತು ಗೆಳೆಯರು ಹುಟ್ಟುಹಾಕಿದ ಸಭೆಯದು. ಗ್ಲಾಸ್ಗೋದ ಘಟಕಗಳ ಕಷ್ಟವೂ ನಮ್ಮವರ ಕಷ್ಟವೇ ಆಗಿತ್ತು. ಬೇಡಿಕೆ ಬೆಳೆಯುತ್ತಾ ಹೋಗುತ್ತದೆ, ವಂತಿಗೆ ಕೊಡುವವರು ಅವರೇ ನಾಲ್ಕು ಜನ, ಅವರೂ ಬಡವರೇ.

ಇನ್ನೊಂದು ವಿಷಯವನ್ನೂ ಮುಚ್ಚಿಡದೆ ಹೇಳಬೇಕು. ಊಟದ ಮೇಜಿನ ಹಿಂದೆ ಕರುಣೆ ಮಾತ್ರವಲ್ಲ, ಒಂದು ಭಯವೂ ಇತ್ತು. ಪ್ರೊಟೆಸ್ಟೆಂಟ್ ಸಂಘಗಳು ನಡೆಸುತ್ತಿದ್ದ ಗಂಜಿ ಕೇಂದ್ರಗಳಿಗೆ ಹೋಗುವ ಕಥೊಲಿಕ್ ಮಕ್ಕಳು ಮೆಲ್ಲನೆ ತಮ್ಮ ವಿಶ್ವಾಸ ಬಿಟ್ಟು ಬೇರೆಡೆಗೆ ಹೋದಾರೆಂಬ ಆತಂಕ ಧರ್ಮಗುರುಗಳಿಗೂ ಸಹೋದರರಿಗೂ ಇತ್ತು. ಮಹಾ ಕ್ಷಾಮದ ಕಾಲದಲ್ಲಿ ಒಂದು ಬಟ್ಟಲು ಸೂಪಿಗಾಗಿ ಧರ್ಮ ಬಿಡಬೇಕಾಗಿ ಬಂದವರ ನೆನಪು ಐರಿಷ್ ಜನರಲ್ಲಿ ಹಸಿಯಾಗಿಯೇ ಇತ್ತು. ಇಂದಿನ ಕಣ್ಣಿಗೆ ಈ ಪೈಪೋಟಿ ಸರಿ ಕಾಣದಿರಬಹುದು. ಆದರೆ ಅದರಿಂದ ಮಕ್ಕಳ ಹೊಟ್ಟೆ ತುಂಬಿತೆಂಬುದೂ ನಿಜ.

ಹಣ ಎಲ್ಲಿಂದ ಬರಬೇಕು ಎಂಬುದಕ್ಕೆ ಉತ್ತರ ದೊರೆತದ್ದು ಎಡಿನ್‌ಬರೋ ನಗರದಲ್ಲಿ. ಅಲ್ಲಿನ ಕೌಗೇಟ್ ಕೇರಿಯ ಸಂತ ಪ್ಯಾಟ್ರಿಕ್ ಧರ್ಮಕೇಂದ್ರದ ಗುರು ಕ್ಯಾನನ್ ಎಡ್ವರ್ಡ್ ಹನ್ನಾನ್ 1875ರಲ್ಲಿಯೇ ಹೈಬರ್ನಿಯನ್ ಎಂಬ ಫುಟ್ಬಾಲ್ ಕ್ಲಬ್ ಕಟ್ಟಿದ್ದರು. ಅವರೂ ಐರ್ಲೆಂಡಿನವರೇ. ಬೀದಿಯಲ್ಲಿ ಅಲೆಯುತ್ತ ಕುಡಿತಕ್ಕೆ ಬೀಳುತ್ತಿದ್ದ ಯುವಕರನ್ನು ಒಂದೆಡೆ ಸೇರಿಸುವುದು ಅವರ ಉದ್ದೇಶವಾಗಿತ್ತು. ಧರ್ಮಾಚರಣೆ ಮಾಡುವ, ಮದ್ಯಪಾನ ಮಾಡದ ಕಥೊಲಿಕರಿಗೆ ಮಾತ್ರ ಆ ಕ್ಲಬ್ಬಿನಲ್ಲಿ ಪ್ರವೇಶ. ಇವರು ಸ್ಕಾಟ್ಲೆಂಡಿನವರಲ್ಲ ಎಂಬ ಕಾರಣಕ್ಕೆ ಅಲ್ಲಿನ ಫುಟ್ಬಾಲ್ ಸಂಸ್ಥೆ ಆರಂಭದಲ್ಲಿ ಮಾನ್ಯತೆ ಕೊಡಲು ನಿರಾಕರಿಸಿತ್ತು. ಅದೇ ತಂಡ 1887ರ ಫೆಬ್ರವರಿಯಲ್ಲಿ ಡಂಬಾರ್ಟನ್ ತಂಡವನ್ನು 2-1ರಿಂದ ಸೋಲಿಸಿ ಸ್ಕಾಟಿಷ್ ಕಪ್ ಗೆದ್ದಿತು.

ಪಂದ್ಯ ನಡೆದದ್ದು ಗ್ಲಾಸ್ಗೋದಲ್ಲಿ. ವಿಜೇತ ತಂಡಕ್ಕೆ ಕಾಲ್ಟನ್‌ನ ಸಂತ ಮೇರಿ ಚರ್ಚ್ ಸಭಾಂಗಣದಲ್ಲಿ ಸನ್ಮಾನ ಏರ್ಪಾಡಾಯಿತು. ಗ್ಲಾಸ್ಗೋದಲ್ಲಿಯೂ ಇಂತಹ ಒಂದು ಕ್ಲಬ್ ಏಕೆ ಬೇಡ ಎಂಬ ಮಾತು ಅಲ್ಲಿಯೇ ಎದ್ದಿತು. ಬ್ರದರ್ ವಾಲ್‌ಫ್ರಿಡ್ ಅದಕ್ಕೂ ಮೊದಲೇ ಊಟದ ಮೇಜಿನ ಸಹಾಯಾರ್ಥವಾಗಿ ಹೈಬರ್ನಿಯನ್ ತಂಡವನ್ನು ಕರೆಸಿ ಆಡಿಸಿದ್ದರು. ಒಂದು ಮಧ್ಯಾಹ್ನದ ಆಟಕ್ಕೆ ಸೇರುವ ಜನ ಎಷ್ಟು, ಗೇಟಿನಲ್ಲಿ ಬೀಳುವ ನಾಣ್ಯ ಎಷ್ಟು ಎಂಬುದನ್ನು ಅವರು ಕಣ್ಣಾರೆ ಕಂಡಿದ್ದರು. ವರ್ಷಕ್ಕೊಮ್ಮೆ ಇನ್ನೊಬ್ಬರ ತಂಡವನ್ನು ಬೇಡಿ ತರಿಸುವ ಬದಲು ನಮ್ಮದೇ ತಂಡವಿದ್ದರೆ ಎಂಬ ಲೆಕ್ಕಾಚಾರ ಸರಳವಾಗಿತ್ತು.

1887ರ ನವೆಂಬರ್ 6ರಂದು ಅದೇ ಸಂತ ಮೇರಿ ಸಭಾಂಗಣದಲ್ಲಿ ಸಭೆ ಸೇರಿತು. ಸಂತ ಮೇರಿ, ಪವಿತ್ರ ಹೃದಯ ಮತ್ತು ಸಂತ ಮೈಕಲ್, ಹೀಗೆ ಮೂರು ಧರ್ಮಕೇಂದ್ರಗಳ ಪ್ರಮುಖರು ಬಂದಿದ್ದರು. ಬಡಗಿ ವೃತ್ತಿಯಿಂದ ಬೆಳೆದು ಬಂದ ಜಾನ್ ಗ್ಲಾಸ್, ಬಡವರ ವೈದ್ಯರೆಂದು ಹೆಸರಾಗಿದ್ದ ಡಾ. ಜಾನ್ ಕಾನ್ವೇ, ದರ್ಜಿ ಪ್ಯಾಟ್ ವೆಲ್ಶ್ ಮುಂತಾದವರು ಕ್ಲಬ್ಬಿನ ಮೊದಲ ಸಾಲಿನವರು. ಹೆಸರಿನ ವಿಷಯದಲ್ಲಿ ಚರ್ಚೆಯಾಯಿತು. ಗ್ಲಾಸ್ಗೋ ಹೈಬರ್ನಿಯನ್ಸ್ ಎಂದಿಡಬೇಕೆಂದು ಹಲವರ ಒತ್ತಾಯ. ಬ್ರದರ್ ವಾಲ್‌ಫ್ರಿಡ್ ಒಪ್ಪಲಿಲ್ಲ, ಸೆಲ್ಟಿಕ್ ಎಂದೇ ಆಗಬೇಕೆಂದರು. ಹೈಬರ್ನಿಯನ್ ಎಂದರೆ ಐರ್ಲೆಂಡಿನವರು ಎಂದಷ್ಟೇ ಅರ್ಥ. ಸೆಲ್ಟ್ ಜನಾಂಗ ಐರ್ಲೆಂಡಿಗೂ ಸ್ಕಾಟ್ಲೆಂಡಿಗೂ ಸೇರಿದ್ದು. ಬಂದ ಊರನ್ನೂ ಬಿಡದೆ, ಇರುವ ಊರನ್ನೂ ಬಿಡದೆ ಹುಡುಕಿದ ಹೆಸರು ಅದು. ಹೈಬರ್ನಿಯನ್‌ನಂತೆ ಕಥೊಲಿಕರಿಗೆ ಮಾತ್ರ ಎಂಬ ನಿಯಮವನ್ನೂ ಸೆಲ್ಟಿಕ್ ಇಟ್ಟುಕೊಳ್ಳಲಿಲ್ಲ. ಈ ಎರಡು ತೀರ್ಮಾನಗಳ ಬೆಲೆ ಎಷ್ಟೆಂದು ಆ ದಿನ ಅಲ್ಲಿದ್ದವರಿಗೆ ತಿಳಿದಿರಲಾರದು. ಎಂಟು ದಶಕಗಳ ಬಳಿಕ ಯುರೋಪಿಯನ್ ಕಪ್ ಗೆದ್ದ ಸೆಲ್ಟಿಕ್ ತಂಡದ ತರಬೇತುದಾರ ಜಾಕ್ ಸ್ಟೀನ್ ಪ್ರೊಟೆಸ್ಟೆಂಟ್ ಆಗಿದ್ದರು.

ಒಂದು ವಾರದೊಳಗೆ ಸ್ಮಶಾನವೊಂದರ ಪಕ್ಕದ ಖಾಲಿ ಜಾಗವನ್ನು ವರ್ಷಕ್ಕೆ 50 ಪೌಂಡ್ ಬಾಡಿಗೆಗೆ ಪಡೆದರು. ಅದನ್ನು ಮೈದಾನವಾಗಿಸಿದ್ದು ಕಂಟ್ರಾಕ್ಟುದಾರರಲ್ಲ. ಕೇರಿಯ ಕೆಲಸಗಾರರು ತಮ್ಮ ದಿನದ ದುಡಿಮೆ ಮುಗಿಸಿ ಬಂದು ಗುದ್ದಲಿ ಹಿಡಿದರು. ಚರ್ಚ್ ಕಟ್ಟಲು, ಶಾಲೆಗೆ ಅಂಗಳ ಮಾಡಲು ಶ್ರಮದಾನ ಮಾಡಿದ ಹಿರಿಯರು ನಮ್ಮ ಊರುಗಳಲ್ಲಿಯೂ ಇದ್ದಾರೆ, ಅವರಿಗೆ ಈ ಚಿತ್ರ ಅಪರಿಚಿತವಲ್ಲ. ಆರು ತಿಂಗಳಲ್ಲಿ ಮೈದಾನವೂ ಸಾವಿರ ಜನರಿಗೆ ಸ್ಥಳಾವಕಾಶವಿದ್ದ ಸಣ್ಣ ಗ್ಯಾಲರಿಯೂ ಸಿದ್ಧವಾದವು. 1888ರ ಜನವರಿಯಲ್ಲಿ ವಂತಿಗೆ ಕೋರಿ ಹೊರಡಿಸಿದ ಮನವಿಪತ್ರದಲ್ಲಿ ಕ್ಲಬ್ಬಿನ ಉದ್ದೇಶವನ್ನು ಸ್ಪಷ್ಟಪಡಿಸಲಾಗಿತ್ತು. ಮೂರು ಧರ್ಮಕೇಂದ್ರಗಳ ಮಕ್ಕಳ ಊಟದ ಮೇಜಿಗೆ ಹಣ ಒದಗಿಸುವುದೇ ಮುಖ್ಯ ಗುರಿ ಎಂದು ಅದು ಹೇಳಿತ್ತು. ಗ್ಲಾಸ್ಗೋದ ಮಹಾಧರ್ಮಾಧ್ಯಕ್ಷ ಚಾರ್ಲ್ಸ್ ಐರ್ ಅವರು 20 ಷಿಲ್ಲಿಂಗ್ ಕೊಟ್ಟು ವಂತಿಗೆದಾರರ ಪಟ್ಟಿಯಲ್ಲಿ ಮೊದಲಿಗರಾದರು.

ಮೈದಾನವಾಯಿತು, ಆಟಗಾರರು ಬೇಕಲ್ಲ. 1887ರ ಡಿಸೆಂಬರಿನಲ್ಲಿ ಬ್ರದರ್ ವಾಲ್‌ಫ್ರಿಡ್, ಜಾನ್ ಗ್ಲಾಸ್ ಮತ್ತು ಪ್ಯಾಟ್ ವೆಲ್ಶ್ ನಗರದ ಹೊರವಲಯದ ಕ್ಯಾಥ್‌ಕಾರ್ಟ್‌ನಲ್ಲಿದ್ದ ಮೇಲಿ ಕುಟುಂಬದ ಮನೆಗೆ ಹೋದರು. ಹುಡುಕಿಕೊಂಡು ಹೋದದ್ದು ಒಳ್ಳೆಯ ಆಟಗಾರ ಟಾಮ್ ಮೇಲಿಯನ್ನು. ಟಾಮ್ ಮನೆಯಲ್ಲಿರಲಿಲ್ಲ. ತಮ್ಮ ವಿಲ್ಲಿ ಇದ್ದ. ಹೊರಡುವಾಗ ಬ್ರದರ್ ಆ ತಮ್ಮನನ್ನೂ ಬಾ ಎಂದು ಕರೆದರು. 19 ವರ್ಷದ ವಿಲ್ಲಿ ಮೇಲಿ ಬಂದ. ಮೊದಲ ಪಂದ್ಯದಲ್ಲಿ ಆಡಿದ, 1897ರಲ್ಲಿ ಕ್ಲಬ್ಬಿನ ಕಾರ್ಯದರ್ಶಿ ಮತ್ತು ವ್ಯವಸ್ಥಾಪಕನಾದ, 1940ರ ತನಕ ಆ ಹುದ್ದೆಯಲ್ಲಿ ಮುಂದುವರಿದ. ಸಂಘಟನೆ ಮಾಡುವವರಿಗೆ ಗೊತ್ತು, ಕೆಲವೊಮ್ಮೆ ಕರೆಯಲು ಹೋದವನಿಗಿಂತ ಬಾಗಿಲು ತೆರೆದವನೇ ಹೆಚ್ಚು ಕಾಲ ಉಳಿಯುತ್ತಾನೆ.

1888ರ ಮೇ 28ರಂದು ಸೆಲ್ಟಿಕ್ ತನ್ನ ಪ್ರಥಮ ಪಂದ್ಯವಾಡಿತು. ಎದುರಾಳಿ ರೇಂಜರ್ಸ್. ಸುಮಾರು 2,000 ಜನ ಸೇರಿದ್ದರು. ಎದೆಯ ಮೇಲೆ ಸೆಲ್ಟಿಕ್ ಶಿಲುಬೆಯ ಗುರುತಿದ್ದ, ಹಸಿರು ಕಾಲರಿನ ಬಿಳಿ ಅಂಗಿ ತೊಟ್ಟು ಆಡಿದ ಸೆಲ್ಟಿಕ್ 5-2ರಿಂದ ಗೆದ್ದಿತು. ಮೊದಲ ಗೋಲು ನೀಲ್ ಮೆಕ್ಯಾಲಮ್ ಅವರದು. ಆಟ ಮುಗಿದ ಮೇಲೆ ಎರಡೂ ತಂಡದವರು ಸಂತ ಮೇರಿ ಸಭಾಂಗಣದಲ್ಲಿ ಒಟ್ಟಿಗೆ ಊಟ ಮಾಡಿ, ಹಾಡು ಕೇಳಿ ಮನೆಗೆ ಹೋದರು. ಮುಂದೆ ಈ ಎರಡು ಕ್ಲಬ್ಬುಗಳ ಪೈಪೋಟಿ ಕಥೊಲಿಕ್-ಪ್ರೊಟೆಸ್ಟೆಂಟ್ ಜಗಳದ ಬಣ್ಣ ಪಡೆದು, ಬೀದಿ ಹೊಡೆದಾಟಗಳ ತನಕ ಹೋಯಿತು. ಆದ್ದರಿಂದ ಆ ಮೊದಲ ಸಂಜೆಯ ಸಹಭೋಜನವನ್ನು ನೆನಪಿಡುವುದು ಒಳ್ಳೆಯದು.

ಮೊದಲ ಋತುವಿನಲ್ಲಿಯೇ ಸೆಲ್ಟಿಕ್ ಸ್ಕಾಟಿಷ್ ಕಪ್ ಅಂತಿಮ ಪಂದ್ಯ ತಲುಪಿ ಥರ್ಡ್ ಲ್ಯಾನಾರ್ಕ್ ಎದುರು ಸೋತಿತು. ಆ ವರ್ಷ ದಾನಕ್ಕೆ ಹೋದ ಹಣ 400 ಪೌಂಡ್ ದಾಟಿತ್ತು. ಒಂದು ಊಟಕ್ಕೆ ಒಂದು ಪೆನ್ನಿ, ಅಂದಿನ ಒಂದು ಪೌಂಡಿಗೆ 240 ಪೆನ್ನಿ. ಓದುಗರೇ ಗುಣಿಸಿ ನೋಡಬಹುದು, ಲಕ್ಷದ ಹತ್ತಿರ ಬರುತ್ತದೆ. ಹಣವೆಲ್ಲ ಊಟಕ್ಕೇ ಹೋಯಿತೆಂದು ಇದರರ್ಥವಲ್ಲ, ಬೇರೆ ಧರ್ಮಕಾರ್ಯಗಳಿಗೂ ಪಾಲು ಇತ್ತು. ಆದರೂ ಒಬ್ಬ ಶಾಲಾ ಮಾಸ್ತರರ ಯೋಜನೆ ಯಾವ ಮಟ್ಟಕ್ಕೆ ಏರಿತ್ತು ಎಂಬುದಕ್ಕೆ ಆ ಲೆಕ್ಕ ಸಾಕು.

ಗೆಲುವಿಗೆ ಒಂದು ಬೆಲೆಯೂ ಇತ್ತು, ಅದನ್ನು ತೆತ್ತವರು ಬೇರೆಯವರು. ಸ್ಕಾಟ್ಲೆಂಡಿನಲ್ಲಿ ಆಗ ಆಟಗಾರರಿಗೆ ಸಂಬಳ ಕೊಡುವಂತಿರಲಿಲ್ಲ, ನಿಯಮ ಸಡಿಲವಾದದ್ದು 1893ರಲ್ಲಿ. ಆದರೆ ಬಾಗಿಲ ಹಿಂದೆ ಎಲ್ಲ ದೊಡ್ಡ ಕ್ಲಬ್ಬುಗಳೂ ಆಮಿಷ ಒಡ್ಡುತ್ತಿದ್ದವು, ಸೆಲ್ಟಿಕ್ ಅದಕ್ಕೆ ಹೊರತಾಗಿರಲಿಲ್ಲ. ರೆಂಟನ್ ತಂಡದ ಹೆಸರಾಂತ ಆಟಗಾರ ಜೇಮ್ಸ್ ಕೆಲ್ಲಿಯನ್ನು ಸೆಲ್ಟಿಕ್ ಸೆಳೆದುಕೊಂಡಿತು. 1888ರಲ್ಲಿ ಹೈಬರ್ನಿಯನ್ನಿನ ಹಲವು ಪ್ರಮುಖ ಆಟಗಾರರೂ ಒಬ್ಬೊಬ್ಬರಾಗಿ ಗ್ಲಾಸ್ಗೋಗೆ ಬಂದರು. ತಮ್ಮನ್ನು ಸನ್ಮಾನಿಸಿ, ತಮ್ಮಿಂದಲೇ ಸ್ಫೂರ್ತಿ ಪಡೆದವರು ತಮ್ಮ ತಂಡವನ್ನೇ ಬರಿದು ಮಾಡಿದರೆಂದು ಎಡಿನ್‌ಬರೋದ ಕಥೊಲಿಕರು ನೊಂದರು. 1891ರಲ್ಲಿ ಹೈಬರ್ನಿಯನ್ ಆಟವನ್ನೇ ನಿಲ್ಲಿಸಿತು. ಕ್ಯಾನನ್ ಹನ್ನಾನ್ ತೀರಿಕೊಂಡದ್ದೂ ಅದೇ ವರ್ಷ. ಕೆಲ ಕಾಲದ ಬಳಿಕ, ಕಥೊಲಿಕರಿಗೆ ಮಾತ್ರ ಎಂಬ ನಿಯಮವನ್ನು ಬಿಟ್ಟು, ಆ ಕ್ಲಬ್ ಮತ್ತೆ ಎದ್ದು ನಿಂತಿತು.

ಈ ವ್ಯವಹಾರದಲ್ಲಿ ಬ್ರದರ್ ವಾಲ್‌ಫ್ರಿಡ್ ಪಾತ್ರ ಎಷ್ಟು? ಆಟಗಾರರನ್ನು ಒಲಿಸುವ ಕೆಲಸದಲ್ಲಿ ಮುಂದಿದ್ದವರು ಜಾನ್ ಗ್ಲಾಸ್. ಆದರೆ ಬ್ರದರ್‌ಗೆ ಏನೂ ತಿಳಿದಿರಲಿಲ್ಲ ಎಂದು ನಂಬುವುದು ಕಷ್ಟ. ಅವರು ಲೋಕಜ್ಞಾನವಿದ್ದ, ಜನರ ಮನ ಒಲಿಸಬಲ್ಲ, ಬೇಕಾದದ್ದನ್ನು ಮಾಡಿಸಿಕೊಳ್ಳಬಲ್ಲ ವ್ಯಕ್ತಿ. ಗೆಲ್ಲುವ ತಂಡಕ್ಕೆ ಮಾತ್ರ ಜನ ಸೇರುತ್ತಾರೆ, ಜನ ಸೇರಿದರೆ ಮಾತ್ರ ಊಟದ ಮೇಜಿಗೆ ಹಣ ಎಂಬುದನ್ನು ಅವರು ಅರಿತಿದ್ದರು. ಅವರನ್ನು ಏನೂ ಅರಿಯದ ಸಾಧುವಿನಂತೆ ಚಿತ್ರಿಸುವ ಲೇಖನಗಳು ಅವರಿಗೆ ನ್ಯಾಯ ಮಾಡುವುದಿಲ್ಲ.

1892ರಲ್ಲಿ ಸೆಲ್ಟಿಕ್ ಕ್ವೀನ್ಸ್ ಪಾರ್ಕ್ ತಂಡವನ್ನು 5-1ರಿಂದ ಮಣಿಸಿ ಪ್ರಥಮ ಬಾರಿಗೆ ಸ್ಕಾಟಿಷ್ ಕಪ್ ಗೆದ್ದಿತು. ಇದೇ ಹೊತ್ತಿಗೆ ಮೈದಾನದ ಮಾಲೀಕ ಬಾಡಿಗೆಯನ್ನು 50 ಪೌಂಡಿನಿಂದ 450ಕ್ಕೆ ಏರಿಸಿದ. ಕ್ಲಬ್ಬಿನವರು ರಸ್ತೆಯ ಆಚೆ ಬದಿಯ, ನೀರು ತುಂಬಿದ್ದ ಹಳೆಯ ಇಟ್ಟಿಗೆ ಗುಂಡಿಗಳ ಜಾಗ ಪಡೆದು, ಸಾವಿರಾರು ಗಾಡಿ ಮಣ್ಣು ಸುರಿದು ಹೊಸ ಮೈದಾನ ಕಟ್ಟಿದರು. ಐರ್ಲೆಂಡಿನ ರೈತ ನಾಯಕ ಮೈಕಲ್ ಡೇವಿಟ್ ಡೊನೆಗಲ್‌ನಿಂದ ತಂದ ಹುಲ್ಲಿನ ಹೆಪ್ಪೆಯನ್ನು ಅದರ ಮಧ್ಯದಲ್ಲಿ ನೆಟ್ಟರು. ಆ ಹುಲ್ಲು ಬೇರೂರುವ ಮೊದಲೇ ಯಾರೋ ಕಿತ್ತುಕೊಂಡು ಹೋದರು ಎಂಬುದು ಸೆಲ್ಟಿಕ್ ಅಭಿಮಾನಿಗಳು ಇಂದಿಗೂ ನಗುತ್ತ ಹೇಳುವ ಸಂಗತಿ. ಇಂದಿನ ಸೆಲ್ಟಿಕ್ ಪಾರ್ಕ್ ಇರುವುದು ಅದೇ ಜಾಗದಲ್ಲಿ.

ಹೊಸ ಮೈದಾನ ತೆರೆದದ್ದು 1892ರ ಆಗಸ್ಟಿನಲ್ಲಿ. ಅದೇ ತಿಂಗಳು ಬ್ರದರ್ ವಾಲ್‌ಫ್ರಿಡ್ ಅವರಿಗೆ ಲಂಡನ್‌ಗೆ ವರ್ಗವಾಯಿತು. ಧಾರ್ಮಿಕ ಸಭೆಗಳಲ್ಲಿ ವರ್ಗಾವಣೆ ಹೊಸ ವಿಷಯವಲ್ಲ. ಹೋಗು ಎಂದರೆ ಹೋಗಬೇಕು, ಕಟ್ಟಿದ್ದನ್ನು ಬಿಟ್ಟು ಹೋಗಬೇಕು. ಅವರು ಹೋದರು. ಲಂಡನ್ನಿನ ಪೂರ್ವ ಭಾಗದ ಬೋ ಮತ್ತು ಬೆತ್ನಲ್ ಗ್ರೀನ್ ಕೇರಿಗಳಲ್ಲಿ ಗ್ಲಾಸ್ಗೋದಂತಹುದೇ ಬಡತನವಿತ್ತು. ಅಲ್ಲಿಯೂ ಬರಿಗಾಲಿನ ಮಕ್ಕಳಿಗಾಗಿ ಫುಟ್ಬಾಲ್ ಪಂದ್ಯಗಳನ್ನು ನಡೆಸಿದರು.

ಇತ್ತ ಗ್ಲಾಸ್ಗೋದಲ್ಲಿ ಅವರ ಬೆನ್ನು ತಿರುಗಿದ ಮೇಲೆ ಊಟದ ಮೇಜಿಗೆ ಹೋಗುವ ಹಣ ಕಡಿಮೆಯಾಗುತ್ತ ಬಂತು. ಮೈದಾನಕ್ಕೆ ಖರ್ಚು, 1893ರ ನಂತರ ಆಟಗಾರರಿಗೆ ಬಹಿರಂಗವಾಗಿಯೇ ಸಂಬಳ. ಕ್ಲಬ್ಬನ್ನು ಷೇರುಗಳ ಕಂಪನಿಯಾಗಿ ಮಾಡಬೇಕೆಂಬ ಗುಂಪಿಗೂ, ಮೂಲ ಉದ್ದೇಶ ಬಿಡಬಾರದೆಂಬ ಗುಂಪಿಗೂ ವರ್ಷಗಟ್ಟಲೆ ವಾಗ್ವಾದ ನಡೆಯಿತು. ಡಾ. ಕಾನ್ವೇ ಅವರಂತಹ ಹಳಬರು ಆಡಳಿತದಿಂದ ಹೊರಗುಳಿದರು. 1897ರಲ್ಲಿ ಸೆಲ್ಟಿಕ್ ಲಿಮಿಟೆಡ್ ಕಂಪನಿಯಾಯಿತು. ಮರುವರ್ಷ ಷೇರುದಾರರಿಗೆ ಶೇಕಡಾ 20ರಷ್ಟು ಲಾಭಾಂಶ ಸಿಕ್ಕಿತು. ಮಕ್ಕಳ ಊಟಕ್ಕೆಂದು ಹುಟ್ಟಿದ ಕ್ಲಬ್ ಹತ್ತೇ ವರ್ಷಗಳಲ್ಲಿ ಇಲ್ಲಿಗೆ ಬಂದು ನಿಂತಿತ್ತು. ಕಂಪನಿಯಾಗದಿದ್ದರೆ ಸಾಲದಲ್ಲಿ ಮುಳುಗುತ್ತಿತ್ತು ಎಂಬ ವಾದವೂ ಇದೆ, ಅದರಲ್ಲಿ ಹುರುಳಿಲ್ಲವೆನ್ನಲಾಗದು. ಧರ್ಮಕೇಂದ್ರದ ಸಹಾಯಾರ್ಥ ಪಂದ್ಯಾಟಗಳ ಲೆಕ್ಕಪತ್ರ ನೋಡಿಕೊಂಡವರು, ವರ್ಷದಿಂದ ವರ್ಷಕ್ಕೆ ಖರ್ಚಿನ ಪಟ್ಟಿ ಹೇಗೆ ಉದ್ದವಾಗುತ್ತದೆ ಎಂಬುದನ್ನು ಬಲ್ಲವರು, ಎರಡೂ ಕಡೆಯವರ ಮಾತನ್ನು ಅರ್ಥ ಮಾಡಿಕೊಂಡಾರು.

ಈ ಬಗ್ಗೆ ಬ್ರದರ್ ವಾಲ್‌ಫ್ರಿಡ್ ಬಹಿರಂಗವಾಗಿ ಜಗಳವಾಡಿದ ದಾಖಲೆ ಕಾಣುವುದಿಲ್ಲ. 1911ರಲ್ಲಿ ಸೆಲ್ಟಿಕ್ ತಂಡ ಯುರೋಪ್ ಪ್ರವಾಸ ಮುಗಿಸಿ ಲಂಡನ್ ಮೂಲಕ ಮರಳುತ್ತಿದ್ದಾಗ 71ರ ಹರೆಯದ ಅವರು ಬಂದು ತಂಡವನ್ನು ಭೇಟಿಯಾದರು. ತಾವೇ ಮನೆಗೆ ಹೋಗಿ ಕರೆತಂದಿದ್ದ ವಿಲ್ಲಿ ಮೇಲಿ ಆಗ ತಂಡದ ಮುಖ್ಯಸ್ಥ. 1905ರಿಂದ 1910ರ ತನಕ ಸತತ ಆರು ಬಾರಿ ಲೀಗ್ ಗೆದ್ದ ತಂಡವದು. ವೃದ್ಧರು ಹಳೆಯ ಗೆಳೆಯರನ್ನು ನೆನೆದು ಸಂತೋಷಪಟ್ಟರಂತೆ.

ಕೊನೆಯ ವರ್ಷಗಳನ್ನು ಅವರು ಕೆಂಟ್‌ನ ಗ್ರೋವ್ ಫೆರಿಯಲ್ಲೂ ನಂತರ ದಕ್ಷಿಣ ಸ್ಕಾಟ್ಲೆಂಡಿನ ಡಂಫ್ರೀಸ್‌ನಲ್ಲಿ ಮಾರಿಸ್ಟ್ ಸಹೋದರರ ನಿವಾಸದಲ್ಲೂ ಕಳೆದರು. 1915ರ ಏಪ್ರಿಲ್ 17ರಂದು ಡಂಫ್ರೀಸ್‌ನಲ್ಲಿಯೇ ನಿಧನರಾಗಿ ಅಲ್ಲಿಯೇ ಸಮಾಧಿಯಾದರು. ಸ್ವಂತದ್ದೆಂದು ಬಿಟ್ಟು ಹೋಗಲು ಅವರ ಬಳಿ ಏನೂ ಇರಲಿಲ್ಲ, ಬಡತನದ ವ್ರತ ಕೈಗೊಂಡವರಲ್ಲಿ ಇರುವುದೂ ಇಲ್ಲ.

ಈ ಕಥೆಗೆ ಭಾರತದ ನಂಟೂ ಇದೆ. 1936ರಲ್ಲಿ ಕಲ್ಕತ್ತದ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡದ ಮೊಹಮ್ಮದ್ ಸಲೀಂ ತಮ್ಮ ಬಂಧುವಿನ ಜೊತೆ ಸ್ಕಾಟ್ಲೆಂಡಿಗೆ ಹೋದರು. ಬೂಟು ಹಾಕದೆ ಬರಿಗಾಲಿನಲ್ಲಿ ಆಡುವ ಈ ಆಟಗಾರನಿಗೆ ಅವಕಾಶ ಕೊಡುವಿರಾ ಎಂದು ಕೇಳಿದ್ದು ಅದೇ ವಿಲ್ಲಿ ಮೇಲಿಯನ್ನು. ಮೇಲಿ ಒಪ್ಪಿದರು. ಕಾಲಿಗೆ ಬಟ್ಟೆಯ ಪಟ್ಟಿ ಸುತ್ತಿಕೊಂಡು ಸಲೀಂ ಸೆಲ್ಟಿಕ್‌ನ ಮೀಸಲು ತಂಡದಲ್ಲಿ ಎರಡು ಪಂದ್ಯ ಆಡಿ ಗ್ಲಾಸ್ಗೋದ ಪತ್ರಿಕೆಗಳಲ್ಲಿ ಹೆಸರಾದರು. ಯುರೋಪಿನ ಕ್ಲಬ್ಬೊಂದಕ್ಕೆ ಆಡಿದ ಪ್ರಥಮ ಭಾರತೀಯ ಅವರೆನ್ನುತ್ತಾರೆ. ಊರಿನ ನೆನಪು ಕಾಡಿ ಅವರು ಬೇಗನೆ ಮರಳಿದರು. ಅವರನ್ನು ಉಳಿಸಿಕೊಳ್ಳಲು ಕ್ಲಬ್ ಒಂದು ಸಹಾಯಾರ್ಥ ಪಂದ್ಯದ ಗಳಿಕೆಯಲ್ಲಿ ಪಾಲು ಕೊಡಲು ಮುಂದಾದಾಗ, ಆ ಹಣವನ್ನು ಅನಾಥ ಮಕ್ಕಳಿಗೆ ಕೊಡಿ ಎಂದು ಸಲೀಂ ಹೇಳಿದ್ದರೆಂದು ಅವರ ಕುಟುಂಬದವರು ಮುಂದೆ ತಿಳಿಸಿದ್ದಾರೆ. ಬ್ರದರ್ ವಾಲ್‌ಫ್ರಿಡ್ ಯಾರೆಂದು ಸಲೀಂ ಅವರಿಗೆ ತಿಳಿದಿತ್ತೋ ಇಲ್ಲವೋ.

1994ರಲ್ಲಿ ಸೆಲ್ಟಿಕ್ ದಿವಾಳಿಯ ಅಂಚಿಗೆ ಬಂದಿತ್ತು. ಫರ್ಗಸ್ ಮೆಕ್ಯಾನ್ ಎಂಬ ಉದ್ಯಮಿ ಅದನ್ನು ವಹಿಸಿಕೊಂಡು ಉಳಿಸಿದರು. ಮರುವರ್ಷ ಸ್ಥಾಪನೆಯಾದ ಕ್ಲಬ್ಬಿನ ಸೇವಾ ನಿಧಿ ಹಳೆಯ ಉದ್ದೇಶವನ್ನು ಮತ್ತೆ ಕೈಗೆತ್ತಿಕೊಂಡಿತು. ಇಂದು ಸೆಲ್ಟಿಕ್ ಎಫ್‌ಸಿ ಫೌಂಡೇಶನ್ ಎಂಬ ಹೆಸರಿನಲ್ಲಿ ಅದು ಗ್ಲಾಸ್ಗೋದ ಬಡ ಕುಟುಂಬಗಳಿಗೂ ವಿದೇಶಗಳಲ್ಲಿನ ಮಕ್ಕಳ ಯೋಜನೆಗಳಿಗೂ ನೆರವು ನೀಡುತ್ತಿದೆ. ಬ್ರದರ್ ವಾಲ್‌ಫ್ರಿಡ್ ಹುಟ್ಟೂರು ಬ್ಯಾಲಿಮೋಟ್‌ನಲ್ಲಿ ಅವರ ಸ್ಮಾರಕವಿದೆ. 2005ರ ನವೆಂಬರ್ 5ರಂದು, ಅಂದರೆ ಆ ಸಂತ ಮೇರಿ ಸಭೆ ಸೇರಿ 118 ವರ್ಷ ತುಂಬುವ ಹಿಂದಿನ ದಿನ, ಅಭಿಮಾನಿಗಳ ವಂತಿಗೆಯಿಂದ ಮಾಡಿಸಿದ ಅವರ ಪ್ರತಿಮೆಯನ್ನು ಸೆಲ್ಟಿಕ್ ಪಾರ್ಕ್ ಎದುರು ಅನಾವರಣಗೊಳಿಸಲಾಯಿತು. ಪಂದ್ಯದ ದಿನ ಆಟ ನೋಡಲು ಬರುವವರು ಅದರ ಪಕ್ಕದಿಂದಲೇ ಒಳಗೆ ಹೋಗುತ್ತಾರೆ.